ವೈದ್ಯಕೀಯ ವರದಿಯನ್ನು ಎಐಗೆ ಕೊಡುವ ಮುನ್ನ

ಒಮಾನಿನಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಆರೋಗ್ಯದ ಕಾಗದಪತ್ರಗಳು ಸಾಮಾನ್ಯವಾಗಿ ಎರಡು ಊರುಗಳಲ್ಲಿ ಹಂಚಿಹೋಗಿರುತ್ತವೆ. ತಂದೆತಾಯಿ ಉಡುಪಿಯಲ್ಲೋ ಶಿವಮೊಗ್ಗದಲ್ಲೋ ಧಾರವಾಡದಲ್ಲೋ ಇರುತ್ತಾರೆ. ಅವರ ರಕ್ತಪರೀಕ್ಷೆಯ ವರದಿ ವಾಟ್ಸಾಪಿನಲ್ಲಿ ಮಸ್ಕತ್ತಿಗೆ ಬರುತ್ತದೆ. ಇಲ್ಲಿ ದುಡಿಯುವವರ ತಪಾಸಣೆ ಇಲ್ಲಿ ನಡೆಯುತ್ತದೆ. ರಜೆಗೆ ಊರಿಗೆ ಹೋದಾಗ ಅದೇ ಪರೀಕ್ಷೆ ಅಲ್ಲಿ ಇನ್ನೊಮ್ಮೆ ಆಗುತ್ತದೆ. ಎರಡೂ ಕಡೆಯ ಕಾಗದಗಳನ್ನು ಜೊತೆಗಿಟ್ಟು ಸಮಾಧಾನವಾಗಿ ವಿವರಿಸುವ ವೈದ್ಯರು ಎಲ್ಲರಿಗೂ ಸಿಗುವುದಿಲ್ಲ. ಹೀಗಾಗಿ ಈಚಿನ ಎರಡು-ಮೂರು ವರ್ಷಗಳಲ್ಲಿ ಒಂದು ಹೊಸ ಅಭ್ಯಾಸ ಬೆಳೆದಿದೆ. ವರದಿಯ ಫೋಟೋ ಅಥವಾ ಪಿಡಿಎಫ್ ಅನ್ನು ಚಾಟ್‌ಜಿಪಿಟಿ, ಜೆಮಿನಿ, ಕ್ಲಾಡ್ ಮುಂತಾದ ಕೃತಕ ಬುದ್ಧಿಮತ್ತೆಯ, ಅಂದರೆ ಎಐ ಸೇವೆಗೆ ಅಪ್‌ಲೋಡ್ ಮಾಡಿ, ‘ಇದರ ಅರ್ಥವೇನು?’ ಎಂದು ಕೇಳುವುದು.

ಈ ಅಭ್ಯಾಸವನ್ನು ಬೈಯುವುದು ನನ್ನ ಉದ್ದೇಶವಲ್ಲ. ನಾಲ್ಕು ಪುಟದ ಡಿಸ್ಚಾರ್ಜ್ ಸಮ್ಮರಿಯನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಸಾಧನ ದೂರದಲ್ಲಿರುವ ಮಗ, ಮಗಳು, ಸೊಸೆಗೆ ದೊಡ್ಡ ಆಸರೆ. ಆದರೆ ಫೈಲನ್ನು ಅಪ್‌ಲೋಡ್ ಮಾಡುವುದೆಂದರೆ ವೈದ್ಯರಿಗೆ ಕಾಗದ ತೋರಿಸಿ ಹಿಂದಕ್ಕೆ ಜೇಬಿಗಿಟ್ಟುಕೊಂಡಂತೆ ಅಲ್ಲ. ಆ ಕಾಗದದ ಒಂದು ಪ್ರತಿಯನ್ನು ಬೇರೊಬ್ಬರ ಕೈಗೆ ಕೊಟ್ಟಂತೆ. ಕೊಡುವಾಗ ಏನನ್ನು ಕೊಡಬೇಕು, ಏನನ್ನು ತಡೆಹಿಡಿಯಬೇಕು ಎಂಬುದನ್ನು ವಿವರಿಸುವುದೇ ಈ ಲೇಖನದ ವಿಷಯ.

ಅಪ್‌ಲೋಡ್ ಮಾಡಿದಾಗ ಏನಾಗುತ್ತದೆ?

ನಾವು ಪೇಪರ್‌ಕ್ಲಿಪ್ಪಿನ ಗುರುತು ಒತ್ತಿ ಫೈಲನ್ನು ಆರಿಸಿದ ಕೂಡಲೇ ಅದು ಫೋನಿನಿಂದ ಹೊರಟು ಕಂಪನಿಯ ಸರ್ವರ್ ತಲುಪುತ್ತದೆ. ಆ ಸರ್ವರ್ ಸಾಮಾನ್ಯವಾಗಿ ಒಮಾನಿನಲ್ಲಿಯೂ ಇರುವುದಿಲ್ಲ, ಕರ್ನಾಟಕದಲ್ಲಿಯೂ ಇರುವುದಿಲ್ಲ. ದಾರಿಯಲ್ಲಿ ಫೈಲು ಗೂಢಲಿಪಿಯಲ್ಲಿ ಸಾಗುವುದರಿಂದ ನಡುವೆ ಯಾರಾದರೂ ಕದ್ದು ಓದುವ ಸಾಧ್ಯತೆ ಕಡಿಮೆ. ಆದರೆ ಸೇರುವ ಜಾಗದಲ್ಲಿ ಅದು ಬಿಡಿಸಲ್ಪಡುತ್ತದೆ. ಬಿಡಿಸದೆ ಯಂತ್ರಕ್ಕೆ ಓದಲಾಗದು. ಇಬ್ಬರ ನಡುವಿನ ವಾಟ್ಸಾಪ್ ಸಂದೇಶವನ್ನು ಆ ಕಂಪನಿಯೂ ಓದಲಾರದು ಎಂಬುದು ನಿಜ. ಆದರೆ ಊರಿನ ಅನೇಕರ ವಾಟ್ಸಾಪಿನಲ್ಲೇ ಕಾಣುವ ಮೆಟಾ ಎಐಗೆ ಕಳಿಸಿದ್ದಕ್ಕೆ ಆ ರಕ್ಷಣೆ ಇಲ್ಲ. ಅಲ್ಲಿ ಸಂದೇಶವನ್ನು ಪಡೆಯುವವರೇ ಕಂಪನಿಯವರು.

ಸರ್ವರಿನಲ್ಲಿ ಫೈಲಿನಿಂದ ಅಕ್ಷರಗಳನ್ನು ಹೊರತೆಗೆಯಲಾಗುತ್ತದೆ. ಕಂಪ್ಯೂಟರಿನಿಂದಲೇ ತಯಾರಾದ ಪಿಡಿಎಫ್ ಆದರೆ ಅಕ್ಷರಗಳು ಒಳಗೇ ಇರುತ್ತವೆ. ಫೋಟೋ ಅಥವಾ ಸ್ಕ್ಯಾನ್ ಆದರೆ ಯಂತ್ರ ಚಿತ್ರವನ್ನು ನೋಡಿ ಅಕ್ಷರ ಗುರುತಿಸಬೇಕು. ಬಳಿಕ ಆ ಪಠ್ಯವನ್ನು ಸಣ್ಣ ಸಣ್ಣ ತುಣುಕುಗಳಾಗಿ ಒಡೆದು, ನಮ್ಮ ಪ್ರಶ್ನೆಯೊಂದಿಗೆ ಸೇರಿಸಿ, ಮುಂದೆ ಬರಬೇಕಾದ ಪದಗಳನ್ನು ಸಂಭವನೀಯತೆಯ ಲೆಕ್ಕದಲ್ಲಿ ಒಂದೊಂದಾಗಿ ಪೋಣಿಸಿ ಉತ್ತರ ಕಟ್ಟಲಾಗುತ್ತದೆ. ಒಂದೇ ಸಲಕ್ಕೆ ಯಂತ್ರ ಗಮನದಲ್ಲಿಟ್ಟುಕೊಳ್ಳಬಲ್ಲ ಪಠ್ಯಕ್ಕೆ ಒಂದು ಮಿತಿಯಿದೆ. ನೂರಾರು ಪುಟದ ಫೈಲು ಕೊಟ್ಟರೆ ಕೆಲವು ಸೇವೆಗಳು ಪ್ರಶ್ನೆಗೆ ಸಂಬಂಧಿಸಿದಂತೆ ಕಂಡ ಭಾಗಗಳನ್ನು ಮಾತ್ರ ಆರಿಸಿ ಓದುತ್ತವೆ. ಉಳಿದ ಪುಟಗಳನ್ನು ಓದಿಲ್ಲ ಎಂಬುದು ಉತ್ತರದಲ್ಲಿ ಕಾಣಿಸದೇ ಹೋಗಬಹುದು.

ಯಂತ್ರ ಎಲ್ಲಿ ಎಡವುತ್ತದೆ?

ಮೊದಲನೆಯದು ಕೈಬರಹ. ವೈದ್ಯರ ಚೀಟಿಯಲ್ಲಿ ಇನ್ಸುಲಿನ್ ‘10 ಯೂನಿಟ್’ ಎಂಬುದನ್ನು 10ರ ಮುಂದೆ ಇಂಗ್ಲಿಷಿನ ‘ಯು’ ಅಕ್ಷರವೊಂದನ್ನೇ ಹಾಕಿ ಬರೆಯುವ ರೂಢಿ ಇದೆ. ಆ ಅಕ್ಷರ ಸೊನ್ನೆಯಂತೆ ಕಂಡರೆ 10 ಎಂಬುದು 100 ಆಗುತ್ತದೆ. ಮನುಷ್ಯರೂ ಮಾಡಿರುವ ತಪ್ಪು ಇದು. ಅದಕ್ಕಾಗಿಯೇ ‘ಯೂನಿಟ್’ ಎಂದು ಪೂರ್ತಿಯಾಗಿ ಬರೆಯಬೇಕೆಂದು ವೈದ್ಯಕೀಯ ಸುರಕ್ಷತೆಯ ನಿಯಮಗಳು ಹೇಳುತ್ತವೆ. ಅದೇ ರೀತಿ ‘ಓಡಿ’ ಎಂಬ ಸಂಕ್ಷೇಪಕ್ಕೆ ಭಾರತದ ಚೀಟಿಗಳಲ್ಲಿ ‘ದಿನಕ್ಕೊಮ್ಮೆ’ ಎಂದು ಅರ್ಥ. ಕಣ್ಣಿನ ವೈದ್ಯರ ಚೀಟಿಯಲ್ಲಿ ಅದು ‘ಬಲಗಣ್ಣು’. ದಶಮಾಂಶದ ಚುಕ್ಕೆ ಫೋಟೋದಲ್ಲಿ ಮಾಸಿದ್ದರೆ 0.5 ಮಿಲಿಗ್ರಾಂ 5 ಆಗಿಬಿಡಬಹುದು.

ಎರಡನೆಯದು ನಮ್ಮ ಭಾಷೆಗೇ ಸಂಬಂಧಿಸಿದ್ದು. ಯೂನಿಕೋಡ್ ಬಳಕೆಗೆ ಬರುವ ಮುನ್ನ, ಆಮೇಲೂ ಬಹುಕಾಲ, ಕನ್ನಡದ ಪುಸ್ತಕ, ಆಮಂತ್ರಣ, ಕಚೇರಿ ಪತ್ರಗಳು ನುಡಿ, ಬರಹ, ಶ್ರೀಲಿಪಿಯಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ತಯಾರಾದವು. ಅವುಗಳಲ್ಲಿ ಪರದೆಯ ಮೇಲೆ ಕಾಣುವುದು ಕನ್ನಡವಾದರೂ ಒಳಗೆ ಇರುವುದು ಲ್ಯಾಟಿನ್ ಅಕ್ಷರಗಳ ಸಂಕೇತಗಳು. ಅಂಥ ಪಿಡಿಎಫ್‌ನಿಂದ ನೇರವಾಗಿ ಅಕ್ಷರ ತೆಗೆದರೆ ಯಂತ್ರಕ್ಕೆ ಸಿಗುವುದು ಅರ್ಥವಿಲ್ಲದ ಕಲಸುಮೇಲೋಗರ. ಹಳೆಯ ಕ್ರಯಪತ್ರದ ನಕಲು ಅಥವಾ ಸಂಘದ ಹಳೆಯ ಸಂಚಿಕೆಯನ್ನು ಕೊಟ್ಟಾಗ ಎಐ ವಿಚಿತ್ರವಾಗಿ ಉತ್ತರಿಸಿದರೆ ಕಾರಣ ಇದೇ ಇರಬಹುದು. ಅದೇ ಪುಟದ ಸ್ಪಷ್ಟ ಫೋಟೋ ಕೊಟ್ಟರೆ ಹೆಚ್ಚು ಚೆನ್ನಾಗಿ ಓದುವುದುಂಟು.

ಮೂರನೆಯದು ಎಕ್ಸ್‌ರೇ ಮತ್ತು ಸ್ಕ್ಯಾನ್. ಒಂದು ಸಿ.ಟಿ. ಸ್ಕ್ಯಾನಿನಲ್ಲಿ ನೂರಾರು ಚಿತ್ರಗಳಿರುತ್ತವೆ. ತಜ್ಞರು ಅವನ್ನು ಹಿಂದೆ ಮುಂದೆ ಸರಿಸುತ್ತಾ, ಬೆಳಕು ನೆರಳನ್ನು ಬದಲಿಸುತ್ತಾ, ಹಳೆಯ ಚಿತ್ರಗಳ ಜೊತೆ ಹೋಲಿಸುತ್ತಾ ನೋಡುತ್ತಾರೆ. ಆ ಫಿಲ್ಮನ್ನು ಕಿಟಕಿಗೆ ಹಿಡಿದು ಫೋನಿನಲ್ಲಿ ತೆಗೆದ ಒಂದು ಫೋಟೋದಲ್ಲಿ ಆ ಮಾಹಿತಿಯ ಬಹುಪಾಲು ಇರುವುದೇ ಇಲ್ಲ. ರೇಡಿಯಾಲಜಿ ತಜ್ಞರು ಬರೆದ ವರದಿಯ ಪದಗಳನ್ನು ವಿವರಿಸಲು ಎಐಯನ್ನು ಕೇಳಬಹುದು. ಚಿತ್ರವನ್ನೇ ಓದಿ ರೋಗ ಹೇಳು ಎಂದು ಕೇಳಬಾರದು.

ಮನುಷ್ಯರಿಗೆ ಓದಲಾಗದಿದ್ದರೆ ‘ಇದು ಕಾಣುತ್ತಿಲ್ಲ’ ಎನ್ನುತ್ತಾರೆ. ಈ ಯಂತ್ರ ಕೆಲವೊಮ್ಮೆ ಹಾಗೆ ಹೇಳುತ್ತದೆ. ಇನ್ನು ಕೆಲವೊಮ್ಮೆ ಇರಬಹುದಾದ ಅಂಕಿಯನ್ನು ತಾನೇ ತುಂಬಿಕೊಂಡು ಅಷ್ಟೇ ಧೈರ್ಯದಿಂದ ಉತ್ತರಿಸುತ್ತದೆ. ಉತ್ತರದ ಧಾಟಿಯಿಂದ ಈ ಎರಡರ ವ್ಯತ್ಯಾಸ ತಿಳಿಯುವುದಿಲ್ಲ.

ಮಸ್ಕತ್ತಿನ ಅಂಕಿ, ಮಂಗಳೂರಿನ ಅಂಕಿ

ಎರಡು ದೇಶಗಳ ವರದಿಗಳನ್ನು ಒಟ್ಟಿಗೆ ಕೊಡುವ ನಮ್ಮಂಥ ಕುಟುಂಬಗಳಿಗೆ ಇನ್ನೊಂದು ತೊಡಕಿದೆ. ಒಮಾನಿನ ಹಲವು ಆಸ್ಪತ್ರೆಗಳು ರಕ್ತದ ಸಕ್ಕರೆಯನ್ನು ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿ ಕೊಡುತ್ತವೆ. ಭಾರತದ ಪ್ರಯೋಗಾಲಯಗಳು ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಕೊಡುತ್ತವೆ. ಇಲ್ಲಿನ 7.0 ಎಂದರೆ ಅಲ್ಲಿನ 126. ಖಾಲಿ ಹೊಟ್ಟೆಯಲ್ಲಿ ಮಧುಮೇಹವೆಂದು ಗುರುತಿಸುವ ಗಡಿ ಅದು. ಇದರ ಜೊತೆಗೆ ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಎಂಬ ಪರೀಕ್ಷೆಯೂ ‘7.0’ ಎಂದೇ ಬರಬಹುದು. ಅದು ಶೇಕಡಾ ಲೆಕ್ಕ, ಅದರ ಗಡಿ 6.5. ಅಂಕಿ ಒಂದೇ, ಅರ್ಥ ಬೇರೆ.

ಮೂತ್ರಪಿಂಡದ ಕೆಲಸವನ್ನು ಸೂಚಿಸುವ ಕ್ರಿಯಾಟಿನಿನ್ ಇಲ್ಲಿ 97 ಎಂದು ಬಂದರೆ ಊರಿನ ಲೆಕ್ಕದಲ್ಲಿ ಅದು ಸುಮಾರು 1.1. ಇಲ್ಲಿನ ಕೊಲೆಸ್ಟರಾಲ್ 5.2 ಎಂದರೆ ಅಲ್ಲಿ ಸುಮಾರು 200. ಮಾನವನ್ನು ಕತ್ತರಿಸಿ ಅಂಕಿಯನ್ನಷ್ಟೇ ಫೋಟೋ ತೆಗೆದು ಕೊಟ್ಟರೆ ಉತ್ತರ ಪೂರ್ತಿ ದಾರಿ ತಪ್ಪಬಹುದು. ಔಷಧಗಳ ಹೆಸರಿನಲ್ಲೂ ಇದೇ ಕಥೆ. ಊರಿನಲ್ಲಿ ಡೋಲೋ, ಕ್ರೋಸಿನ್ ಎಂದು ಕೇಳುವುದನ್ನು ಇಲ್ಲಿನ ಔಷಧದಂಗಡಿಯಲ್ಲಿ ಪನಡಾಲ್ ಎನ್ನುತ್ತಾರೆ, ಒಳಗಿರುವುದು ಪ್ಯಾರಸಿಟಮಾಲ್. ಬ್ರ್ಯಾಂಡ್ ಹೆಸರಿನ ಬದಲು ಪೊಟ್ಟಣದ ಮೇಲಿರುವ ಮೂಲ ಔಷಧದ ಹೆಸರು ಮತ್ತು ಪ್ರಮಾಣವನ್ನು ಬರೆದರೆ ಗೊಂದಲ ತಪ್ಪುತ್ತದೆ.

ಕೊಟ್ಟ ಪ್ರತಿ ಎಷ್ಟು ಕಾಲ ಉಳಿಯುತ್ತದೆ?

ಇದಕ್ಕೆ ಒಂದೇ ಉತ್ತರವಿಲ್ಲ. ಸೇವೆ ಯಾವುದು, ಉಚಿತ ಖಾತೆಯೋ ಕಚೇರಿಯ ಖಾತೆಯೋ, ಸೆಟ್ಟಿಂಗ್ ಹೇಗಿದೆ ಎಂಬುದರ ಮೇಲೆ ಬದಲಾಗುತ್ತದೆ. ನಮ್ಮ ಮಾತುಕತೆಗಳನ್ನು ಮುಂದಿನ ಮಾದರಿಗಳ ತರಬೇತಿಗೆ ಬಳಸಬಹುದೇ ಎಂಬ ಆಯ್ಕೆ ಸಾಮಾನ್ಯ ಖಾತೆಗಳ ಸೆಟ್ಟಿಂಗ್‌ನಲ್ಲಿ ಇರುತ್ತದೆ. ಹಲವು ಕಡೆ ನಾವು ಹೋಗಿ ಬದಲಿಸದಿದ್ದರೆ ಅದು ‘ಹೌದು’ ಎಂದೇ ಇರುತ್ತದೆ. ಗುಣಮಟ್ಟ ಪರೀಕ್ಷೆಗಾಗಿ ಕೆಲವು ಮಾತುಕತೆಗಳನ್ನು ಮನುಷ್ಯರೂ ಓದುವುದುಂಟು. ಗುಟ್ಟಿನ ವಿಷಯಗಳನ್ನು ಹಾಕಬೇಡಿ ಎಂದು ಗೂಗಲ್ ತನ್ನ ಜೆಮಿನಿ ಬಳಕೆದಾರರಿಗೆ ತಾನೇ ತಿಳಿಸುತ್ತದೆ.

ಅಳಿಸಿದರೆ ಮುಗಿಯಿತಲ್ಲವೇ ಎನ್ನಬಹುದು. ಅಳಿಸಿದ ಮಾತುಕತೆಯನ್ನು 30 ದಿನಗಳೊಳಗೆ ತೆಗೆದುಹಾಕುವುದು ಚಾಟ್‌ಜಿಪಿಟಿ ನಡೆಸುವ ಓಪನ್‌ಎಐ ಕಂಪನಿಯ ರೂಢಿ. ಆದರೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಹೂಡಿದ ಕೃತಿಸ್ವಾಮ್ಯದ ಮೊಕದ್ದಮೆಯಲ್ಲಿ 2025ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯಾಲಯವೊಂದು, ಬಳಕೆದಾರರು ಅಳಿಸಿದ ಮಾತುಕತೆಗಳನ್ನೂ ಸಾಕ್ಷ್ಯಕ್ಕಾಗಿ ಉಳಿಸಿಕೊಳ್ಳಬೇಕೆಂದು ಕಂಪನಿಗೆ ಆದೇಶಿಸಿತು. ಆ ಹೊಣೆ ಸೆಪ್ಟೆಂಬರಿನಲ್ಲಿ ಕೊನೆಗೊಂಡಿತು. ಆ ತಿಂಗಳುಗಳಲ್ಲಿ ‘ಅಳಿಸು’ ಗುಂಡಿ ಒತ್ತಿದವರಿಗೆ ಆ ಮೊಕದ್ದಮೆಯ ಜೊತೆ ಯಾವ ಸಂಬಂಧವೂ ಇರಲಿಲ್ಲ. ಅದೇ ವರ್ಷದ ಬೇಸಗೆಯಲ್ಲಿ ಜನರು ಲಿಂಕ್ ಮಾಡಿ ಹಂಚಿಕೊಂಡ ಚಾಟ್‌ಜಿಪಿಟಿ ಮಾತುಕತೆಗಳು ಗೂಗಲ್ ಹುಡುಕಾಟದಲ್ಲಿ ಕಾಣಿಸಿಕೊಂಡವು. ‘ಹುಡುಕಾಟದಲ್ಲಿ ಸಿಗಲಿ’ ಎಂಬ ಆಯ್ಕೆಯನ್ನು ಅವರೇ ಒತ್ತಿದ್ದರೂ ಅದರ ಪರಿಣಾಮ ಎಲ್ಲರಿಗೂ ಅರ್ಥವಾಗಿರಲಿಲ್ಲ. ಕಂಪನಿ ಆ ಸೌಲಭ್ಯವನ್ನೇ ತೆಗೆದುಹಾಕಿತು. ಕೊಟ್ಟ ಪ್ರತಿಯ ಮೇಲೆ ನಮ್ಮ ಹಿಡಿತ ಪೂರ್ತಿಯಾಗಿ ಇರುವುದಿಲ್ಲ ಎಂಬುದಕ್ಕೆ ಇವೆರಡೂ ಉದಾಹರಣೆಗಳು.

ಇದಕ್ಕಿಂತ ಹತ್ತಿರದ ಅಪಾಯವೂ ಇದೆ. ಒಂದೇ ಚಂದಾ ಖಾತೆಯನ್ನು ಮೂರು-ನಾಲ್ಕು ಗೆಳೆಯರು ಹಂಚಿಕೊಂಡು ಬಳಸುವುದು ನಮ್ಮಲ್ಲಿ ಸಾಮಾನ್ಯ. ಅಲ್ಲಿ ಒಬ್ಬರು ಹಾಕಿದ ವರದಿ ಎಲ್ಲರ ಪರದೆಯ ಪಕ್ಕದ ಪಟ್ಟಿಯಲ್ಲಿ ಕಾಣುತ್ತದೆ. ಕೆಲವು ಸೇವೆಗಳು ಹಿಂದಿನ ಮಾತುಗಳನ್ನು ‘ನೆನಪು’ ಇಟ್ಟುಕೊಳ್ಳುತ್ತವೆ. ನಮ್ಮ ಖಾತೆಯಲ್ಲಿ ಅತ್ತೆಯ ವರದಿ ಹಾಕಿದರೆ, ಮುಂದೊಂದು ದಿನ ಅವರ ಸಕ್ಕರೆ ಕಾಯಿಲೆಯನ್ನು ನಮ್ಮದೆಂದು ಭಾವಿಸಿ ಸಲಹೆ ಕೊಡಲೂಬಹುದು.

ಹೆಸರು ಅಳಿಸಿದರೆ ಸಾಕೇ?

ಹೆಸರು ಅಳಿಸುವುದು ಒಳ್ಳೆಯ ಮೊದಲ ಹೆಜ್ಜೆ; ಅಷ್ಟರಿಂದಲೇ ಗುರುತು ಮರೆಯಾಗುವುದಿಲ್ಲ. 1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ ತನ್ನ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು ತೆಗೆದು ಸಂಶೋಧನೆಗೆ ಕೊಟ್ಟಿತ್ತು. ಆಗ ವಿದ್ಯಾರ್ಥಿನಿಯಾಗಿದ್ದ ಲತಾನ್ಯಾ ಸ್ವೀನಿ ಅದೇ ಊರಿನ ಮತದಾರರ ಪಟ್ಟಿಯನ್ನು 20 ಡಾಲರಿಗೆ ಕೊಂಡು ಎರಡನ್ನೂ ಹೋಲಿಸಿದರು. ಹುಟ್ಟಿದ ದಿನಾಂಕ, ಲಿಂಗ, ಅಂಚೆ ಸಂಖ್ಯೆ ಈ ಮೂರರಿಂದಲೇ ರಾಜ್ಯಪಾಲ ವಿಲಿಯಂ ವೆಲ್ಡ್ ಅವರ ದಾಖಲೆಯನ್ನು ಗುರುತಿಸಿಬಿಟ್ಟರು. ಅಮೆರಿಕದ ಜನರಲ್ಲಿ ಸುಮಾರು ಶೇ. 87ರಷ್ಟು ಮಂದಿಯನ್ನು ಈ ಮೂರೇ ಅಂಶಗಳಿಂದ ಗುರುತಿಸಬಹುದೆಂದು ಅವರು ಮುಂದೆ ಲೆಕ್ಕ ಹಾಕಿದರು.

ನಮ್ಮ ಸಮುದಾಯ ಇನ್ನೂ ಚಿಕ್ಕದು. ‘ಸೂರ್‌ನಲ್ಲಿ ಕೆಲಸ ಮಾಡುವ, ಕುಂದಾಪುರ ಕಡೆಯ, 52 ವರ್ಷದ ಶಾಲಾ ಶಿಕ್ಷಕಿ’ ಎಂದರೆ ಹೆಸರು ಬೇಕಾಗಿಲ್ಲ. ವಲಸಿಗರಿಗೆ ಇದು ಬರಿಯ ಸಂಕೋಚದ ವಿಷಯವೂ ಅಲ್ಲ. ನಿವಾಸ ಪರವಾನಗಿಗೆ ವೈದ್ಯಕೀಯ ತಪಾಸಣೆ ಬೇಕಾಗುವ ನಾಡಿನಲ್ಲಿ ಕ್ಷಯ, ಎಚ್‌ಐವಿ ಎಂಬ ಪದಗಳು ಒಬ್ಬರ ಹೆಸರಿನ ಪಕ್ಕದಲ್ಲಿ ಕಾಣಿಸಿಕೊಂಡರೆ ಅದು ಅನ್ನದ ಪ್ರಶ್ನೆಯಾಗುತ್ತದೆ. ಮನೋರೋಗ, ಬಂಜೆತನ, ಗರ್ಭಪಾತದ ವಿವರಗಳು ಮದುವೆ, ಮನೆತನಗಳನ್ನು ಮುಟ್ಟುತ್ತವೆ.

ಫೈಲಿನಲ್ಲಿ ಕಣ್ಣಿಗೆ ಕಾಣದ ಗುರುತುಗಳೂ ಇರುತ್ತವೆ. ಸ್ಕ್ಯಾನ್ ಕೇಂದ್ರದವರು ಸಿ.ಡಿ.ಯಲ್ಲಿ ಕೊಡುವ ಡೈಕಾಮ್ ಫೈಲುಗಳ ತಲೆಭಾಗದಲ್ಲಿ ರೋಗಿಯ ಹೆಸರು, ಸಂಖ್ಯೆ, ಹುಟ್ಟಿದ ದಿನಾಂಕ ಸೇರಿಕೊಂಡಿರುತ್ತವೆ. ಫೋನಿನ ಫೋಟೋದಲ್ಲಿ ತೆಗೆದ ಸ್ಥಳದ ಅಕ್ಷಾಂಶ-ರೇಖಾಂಶ ಇರಬಹುದು. ಪಿಡಿಎಫ್‌ನಲ್ಲಿ ಹೆಸರಿನ ಮೇಲೆ ಕಪ್ಪು ಪಟ್ಟಿ ಎಳೆದರೂ ಅದರ ಕೆಳಗಿನ ಅಕ್ಷರಗಳು ಹಾಗೆಯೇ ಉಳಿದಿರುವುದುಂಟು; ಮನುಷ್ಯರ ಕಣ್ಣಿಗೆ ಮುಚ್ಚಿದ್ದು ಯಂತ್ರಕ್ಕೆ ತೆರೆದಿರುತ್ತದೆ.

ಕಾನೂನು ಏನು ಹೇಳುತ್ತದೆ?

ಒಮಾನಿನ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾನೂನು 6/2022ನೆಯ ರಾಜಾಜ್ಞೆಯ ಮೂಲಕ ಹೊರಬಂದು 2023ರ ಫೆಬ್ರವರಿಯಲ್ಲಿ ಜಾರಿಯಾಯಿತು. ಸಾರಿಗೆ, ಸಂಪರ್ಕ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ ಇದನ್ನು ನೋಡಿಕೊಳ್ಳುತ್ತದೆ. ವಿವರವಾದ ನಿಯಮಗಳು 2024ರಲ್ಲಿ ಬಂದವು. ಈ ಕಾನೂನಿನಲ್ಲಿ ಆರೋಗ್ಯದ ಮಾಹಿತಿ, ಆನುವಂಶಿಕ ಮಾಹಿತಿ, ಬೆರಳಚ್ಚಿನಂಥ ಜೈವಿಕ ಗುರುತುಗಳು ವಿಶೇಷ ವರ್ಗಕ್ಕೆ ಸೇರುತ್ತವೆ. ಸಚಿವಾಲಯದ ಪರವಾನಗಿ ಇಲ್ಲದೆ ಸಂಸ್ಥೆಗಳು ಅವನ್ನು ಸಂಸ್ಕರಿಸುವಂತಿಲ್ಲ. ಮಾಹಿತಿಯನ್ನು ದೇಶದ ಹೊರಗೆ ಕಳಿಸುವುದಕ್ಕೂ ಪ್ರತ್ಯೇಕ ನಿಯಮವಿದೆ.

ವೈಯಕ್ತಿಕ ಅಥವಾ ಕುಟುಂಬದ ಚೌಕಟ್ಟಿನೊಳಗಿನ ಬಳಕೆಗೆ ಈ ಕಾನೂನು ಅನ್ವಯಿಸುವುದಿಲ್ಲ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲೂ ಮನೆಬಳಕೆಗೆ ಇಂಥದೇ ವಿನಾಯಿತಿ ಇದೆ. ಹಾಗಾಗಿ ನಮ್ಮ ತಾಯಿಯ ವರದಿಯನ್ನು ನಾವು ಮನೆಯಲ್ಲಿ ಕುಳಿತು ಓದಿಸಿದರೆ ಪೊಲೀಸರು ಬರುವುದಿಲ್ಲ. ಆದರೆ ನಮ್ಮ ಸದಸ್ಯರಲ್ಲಿ ಅನೇಕರು ವೈದ್ಯರು, ದಾದಿಯರು, ಪ್ರಯೋಗಾಲಯದ ತಂತ್ರಜ್ಞರು, ವಿಮೆ ಮತ್ತು ಸಿಬ್ಬಂದಿ ವಿಭಾಗದವರು. ರೋಗಿಯ ಸಮ್ಮರಿಯನ್ನೋ ನೌಕರರ ವೈದ್ಯಕೀಯ ರಜೆಯ ಪಟ್ಟಿಯನ್ನೋ ತಮ್ಮ ಖಾಸಗಿ ಎಐ ಖಾತೆಗೆ ಹಾಕುವುದು ಮನೆಬಳಕೆ ಆಗುವುದಿಲ್ಲ. ಕಚೇರಿಯ ಕಡತಗಳ ವಿಷಯದಲ್ಲಿ ಸ್ಯಾಮ್‌ಸಂಗ್ ಕಂಪನಿಯ ಪ್ರಸಂಗ ಎಲ್ಲರಿಗೂ ಪಾಠ. 2023ರಲ್ಲಿ ಅಲ್ಲಿನ ಕೆಲವು ನೌಕರರು ಕೆಲಸ ಬೇಗ ಮುಗಿಸಲೆಂದು ಕಂಪನಿಯ ಗುಪ್ತ ತಂತ್ರಾಂಶದ ಸಾಲುಗಳನ್ನು ಚಾಟ್‌ಜಿಪಿಟಿಗೆ ಹಾಕಿದ್ದು ಬೆಳಕಿಗೆ ಬಂದು, ಕಂಪನಿ ಇಂಥ ಸೇವೆಗಳ ಬಳಕೆಯನ್ನೇ ನಿಷೇಧಿಸಿತು. ಅವರಲ್ಲಿ ಯಾರಿಗೂ ಕದಿಯುವ ಉದ್ದೇಶವಿರಲಿಲ್ಲ.

ಕಾನೂನಿಗಿಂತ ಹಳೆಯದು ವೈದ್ಯವೃತ್ತಿಯ ಧರ್ಮ. ರೋಗಿಯ ಗುಟ್ಟು ರೋಗಿಯ ಸ್ವತ್ತು. ವೈದ್ಯರು ಅದರ ಕಾವಲುಗಾರರು ಮಾತ್ರ. ಮನೆಯಲ್ಲೂ ಇದೇ ನ್ಯಾಯ. ಅಮ್ಮನ ವರದಿ ಅಮ್ಮನದು. ‘ಇದನ್ನು ಕಂಪ್ಯೂಟರಿಗೆ ಕೊಟ್ಟು ಕೇಳಲೇ ಅಮ್ಮಾ?’ ಎಂದು ಫೋನಿನಲ್ಲಿ ಒಂದು ಮಾತು ಕೇಳಲು ಅರ್ಧ ನಿಮಿಷ ಸಾಕು. ಅಪ್ಪನಿಗೆ ತಿಳಿಯಬಾರದು ಎಂದು ಅಮ್ಮ ಬಚ್ಚಿಟ್ಟ ಕಾಯಿಲೆಯೂ ಅದರಲ್ಲಿ ಇರಬಹುದು.

ಹಾಗಾದರೆ ಬಳಸುವುದು ಹೇಗೆ?

ಪ್ರಶ್ನೆಯನ್ನು ಕೊಡಿ, ವ್ಯಕ್ತಿಯನ್ನು ಕೊಡಬೇಡಿ. ಹೆಚ್ಚಿನ ಸಂದರ್ಭಗಳಲ್ಲಿ ಫೈಲನ್ನು ಅಪ್‌ಲೋಡ್ ಮಾಡುವ ಅಗತ್ಯವೇ ಇರುವುದಿಲ್ಲ. ಹೀಗೆ ಟೈಪ್ ಮಾಡಿದರೆ ಸಾಕು: ‘ಸುಮಾರು 70 ವರ್ಷದ ಮಹಿಳೆ. ಹತ್ತು ವರ್ಷದಿಂದ ಮಧುಮೇಹ. ಮೆಟ್‌ಫಾರ್ಮಿನ್ 500 ಮಿಲಿಗ್ರಾಂ ದಿನಕ್ಕೆರಡು ಸಲ. ಕ್ರಿಯಾಟಿನಿನ್ ಆರು ತಿಂಗಳ ಹಿಂದೆ 0.9, ಈಗ 1.3 ಮಿಲಿಗ್ರಾಂ, ಡೆಸಿಲೀಟರಿಗೆ. ವೈದ್ಯರನ್ನು ಯಾವ ಪ್ರಶ್ನೆಗಳನ್ನು ಕೇಳಬೇಕು?’ ಇದರಲ್ಲಿ ವೈದ್ಯಕೀಯವಾಗಿ ಬೇಕಾದದ್ದೆಲ್ಲ ಇದೆ. ಅವರು ಯಾರೆಂಬುದು ಇಲ್ಲ.

ವರದಿ ಉದ್ದವಾಗಿದ್ದು ಅಪ್‌ಲೋಡ್ ಮಾಡಲೇಬೇಕಾದರೆ ಈ ಕ್ರಮ ಅನುಸರಿಸಬಹುದು:

1. ಹೆಸರು, ಆಸ್ಪತ್ರೆಯ ಸಂಖ್ಯೆ, ಹುಟ್ಟಿದ ದಿನಾಂಕ, ಫೋನ್, ಬಾರ್‌ಕೋಡ್, ಕ್ಯೂಆರ್ ಕೋಡ್ ಇರುವ ಭಾಗವನ್ನು ಕಾಗದದ ಚೂರಿನಿಂದ ಮುಚ್ಚಿ ಫೋಟೋ ತೆಗೆಯಿರಿ. ಪಿಡಿಎಫ್ ಆದರೆ ಬೇಕಾದ ಭಾಗವನ್ನಷ್ಟೇ ಸ್ಕ್ರೀನ್‌ಶಾಟ್ ತೆಗೆಯಿರಿ. ಆಗ ಕೆಳಗೆ ಅಡಗಿದ ಅಕ್ಷರಗಳು ಬರುವುದಿಲ್ಲ. ಅಂಕಿಗಳ ಪಕ್ಕದ ಮಾನ ಮತ್ತು ಸಾಮಾನ್ಯ ಮಿತಿಯ ಕಾಲಂ ಮಾತ್ರ ಬಿಟ್ಟುಹೋಗದಿರಲಿ.

2. ತರಬೇತಿಗೆ ಬಳಸುವ ಆಯ್ಕೆಯನ್ನು ಸೆಟ್ಟಿಂಗ್‌ನಲ್ಲಿ ಮೊದಲೇ ನಿಲ್ಲಿಸಿ. ತಾತ್ಕಾಲಿಕ ಮಾತುಕತೆಯ ಸೌಲಭ್ಯವಿದ್ದರೆ ಅದನ್ನು ಬಳಸಿ. ಹಂಚಿಕೊಂಡ ಖಾತೆಯಲ್ಲಿ, ಕಚೇರಿಯ ಕಂಪ್ಯೂಟರಿನಲ್ಲಿ ಬೇಡ.

3. ಅರ್ಥ ಕೇಳುವ ಮುನ್ನ, ‘ನೀನು ಓದಿದ ಅಂಕಿಗಳನ್ನು, ಅವುಗಳ ಮಾನದೊಂದಿಗೆ ಪಟ್ಟಿ ಮಾಡು, ಓದಲಾಗದ್ದನ್ನು ಓದಲಾಗಲಿಲ್ಲ ಎಂದು ಬರೆ’ ಎಂದು ಹೇಳಿ. ಆ ಪಟ್ಟಿಯನ್ನು ಕೈಯಲ್ಲಿರುವ ಕಾಗದದೊಂದಿಗೆ ಸಾಲು ಸಾಲಾಗಿ ಹೋಲಿಸಿ. ಸರಿ ಇದ್ದರಷ್ಟೇ ಮುಂದಿನ ಪ್ರಶ್ನೆ.

4. ಉತ್ತರ ನೋಡಿ ಮಾತ್ರೆ ನಿಲ್ಲಿಸುವುದು, ಪ್ರಮಾಣ ಬದಲಿಸುವುದು ಬೇಡ. ಅಲ್ಲಿ ಸಿಕ್ಕ ವಿವರಣೆಯಿಂದ ಮೂರು-ನಾಲ್ಕು ಪ್ರಶ್ನೆಗಳನ್ನು ಬರೆದುಕೊಂಡು ಚಿಕಿತ್ಸೆ ನೀಡುವ ವೈದ್ಯರ ಬಳಿ ಹೋಗಿ. ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು, ಕೈಕಾಲು ಬಲ ಕಳೆದುಕೊಳ್ಳುವುದು ಇವುಗಳಲ್ಲಿ ಯಾವುದಿದ್ದರೂ ಟೈಪ್ ಮಾಡುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೊರಡಿ.

5. ಪಾಸ್‌ಪೋರ್ಟ್, ನಿವಾಸ ಕಾರ್ಡ್, ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟ್, ಮಕ್ಕಳ ವೈದ್ಯಕೀಯ ಫೋಟೋಗಳು, ಬೇರೆಯವರು ನಂಬಿ ಕಳಿಸಿದ ವರದಿಗಳು, ಇವನ್ನು ಹಾಕಲೇಬೇಡಿ. ಅರಬ್ಬಿ ಭಾಷೆಯ ಬಾಡಿಗೆ ಕರಾರು, ಉದ್ಯೋಗ ಒಪ್ಪಂದಗಳನ್ನು ಅರ್ಥ ಮಾಡಿಕೊಳ್ಳಬೇಕಾದರೂ ಮೊದಲ ಪುಟದ ಹೆಸರು-ಸಂಖ್ಯೆಗಳನ್ನು ಬಿಟ್ಟು ಷರತ್ತುಗಳ ಪುಟಗಳನ್ನಷ್ಟೇ ಕೊಟ್ಟರೆ ಸಾಕು. ಸಹಿ ಹಾಕುವ ಮೊದಲು ಅರಬ್ಬಿ ಬಲ್ಲ ಒಬ್ಬರ ಕಣ್ಣಿಗೆ ಮೂಲ ಬೀಳಲಿ.

ತಾಂತ್ರಿಕ ಆಸಕ್ತಿಯುಳ್ಳ ಯುವಕರಿಗೆ ಇನ್ನೊಂದು ದಾರಿಯಿದೆ. ಲಾಮಾ, ಜೆಮ್ಮಾ ಮುಂತಾದ ಮುಕ್ತ ಮಾದರಿಗಳ ಚಿಕ್ಕ ಆವೃತ್ತಿಗಳನ್ನು ಸ್ವಂತ ಲ್ಯಾಪ್‌ಟಾಪಿನಲ್ಲೇ ಇಳಿಸಿಕೊಂಡು ಇಂಟರ್‌ನೆಟ್ ಇಲ್ಲದೆ ನಡೆಸಬಹುದು. ಜಾಣತನದಲ್ಲಿ ಅವು ದೊಡ್ಡ ಸೇವೆಗಳಿಗಿಂತ ಹಿಂದೆ. ಆದರೆ ಫೈಲು ಮನೆ ಬಿಟ್ಟು ಹೊರಗೆ ಹೋಗುವುದಿಲ್ಲ.

ಸಂಘದ ಕಾರ್ಯಕ್ರಮಗಳಿಗೆ ಊರಿನಿಂದ ಬಂದ ಹಿರಿಯರೂ ಇಲ್ಲಿನ ಯುವಕರೂ ಒಟ್ಟಿಗೆ ಸೇರುತ್ತಾರೆ. ಅಂಥ ಒಂದು ಸಂಜೆ ಒಂದು ಗಂಟೆಯನ್ನು ಇದಕ್ಕೆ ಮೀಸಲಿಡಬಹುದು. ಯುವಕರು ಹಿರಿಯರ ಫೋನಿನಲ್ಲಿ ಆ ಒಂದು ಸೆಟ್ಟಿಂಗ್ ಬದಲಿಸಿಕೊಡಲಿ, ವರದಿಯನ್ನು ಮುಚ್ಚಿ ಫೋಟೋ ತೆಗೆಯುವುದನ್ನು ತೋರಿಸಲಿ. ನಮ್ಮಲ್ಲಿರುವ ವೈದ್ಯರು ಎರಡು ದೇಶಗಳ ಮಾನಗಳ ಪಟ್ಟಿಯೊಂದನ್ನು ಕನ್ನಡದಲ್ಲಿ ಬರೆದು ಪ್ರತಿ ಮನೆಗೂ ಒಂದು ಪುಟ ಕೊಡಲಿ. ಫ್ರಿಡ್ಜಿನ ಬಾಗಿಲಿಗೆ ಅಂಟಿಸಿಟ್ಟ ಆ ಪುಟ, ಊರಿನಿಂದ ವರದಿ ಬಂದ ರಾತ್ರಿ, ಅಪ್‌ಲೋಡ್ ಗುಂಡಿ ಒತ್ತುವ ಮುನ್ನ ನೋಡಲು ಕೈಗೆಟಕುವಂತೆ ಇರುತ್ತದೆ.